ಮೆಣಸಿನ ನೀರಲ್ಲಿ ಕಂಡ ಲೋಕ

ಬಿ.ಎಸ್ಸಿ. ಮುಗಿದು ಎರಡು ವರ್ಷವಾದರೂ ಕೆಲಸ ಸಿಗದೆ ಹಾನುಬಾಳಿಗೆ ವಾಪಸ್ ಬಂದಿದ್ದೆ. ಬೆಂಗಳೂರಿನ ಮೂರು ಇಂಟರ್‌ವ್ಯೂಗಳಲ್ಲೂ ಉತ್ತರ ಗೊತ್ತಿತ್ತು. ಇಂಗ್ಲಿಷಿನಲ್ಲಿ ಹೇಳಲು ನಾಲಿಗೆ ಹೊರಳಲಿಲ್ಲ. ಮಳೆಗಾಲದ ಸಂಜೆ ಸುಮ್ಮನೆ ಕೂರಲಾಗದೆ ಪಕ್ಕದ ಕಾಫಿ ಎಸ್ಟೇಟಿನ ಲೈನ್ ಮನೆಗಳ ಏಳೆಂಟು ಮಕ್ಕಳಿಗೆ ಪಾಠ ಹೇಳಿಕೊಡತೊಡಗಿದೆ.

ಒಂದು ದಿನ ಬ್ಯಾಕ್ಟೀರಿಯಾದ ಪಾಠ ಬಂತು. ನಾನು ಓದಿದಂತೆಯೇ ಅವರಿಗೂ ಬಾಯಿಪಾಠ ಮಾಡಿಸಿದೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು, ಕಣ್ಣಿಗೇ ಕಾಣದ್ದು ಇದೆ ಅಂತ ಮೊದಲು ಯಾರಿಗೆ ಗೊತ್ತಾಯ್ತು ಅಕ್ಕಾ ಎಂದು ಕೇಳಿಬಿಟ್ಟಳು. ನನಗೆ ಹೆಸರು ಗೊತ್ತಿತ್ತು, ಮನುಷ್ಯ ಗೊತ್ತಿರಲಿಲ್ಲ. ಅಂದು ರಾತ್ರಿ ಹುಡುಕಿ ಓದಿದೆ.

ಆಂಟನಿ ವಾನ್ ಲ್ಯೂವೆನ್‌ಹುಕ್ ಹುಟ್ಟಿದ್ದು 1632ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ. ಬುಟ್ಟಿ ಹೆಣೆಯುತ್ತಿದ್ದ ಅಪ್ಪ ಚಿಕ್ಕಂದಿನಲ್ಲೇ ತೀರಿಕೊಂಡರು. ಹದಿನಾರನೇ ವಯಸ್ಸಿಗೆ ಆತನನ್ನು ಆಮ್‌ಸ್ಟರ್‌ಡ್ಯಾಮಿನ ಬಟ್ಟೆ ಅಂಗಡಿಗೆ ಕೆಲಸ ಕಲಿಯಲು ಕಳಿಸಿದರು. 1654ರಲ್ಲಿ ಊರಿಗೆ ಮರಳಿ ಸ್ವಂತ ಅಂಗಡಿ ತೆರೆದ. ಆರು ವರ್ಷದ ನಂತರ ಪುರಭವನದಲ್ಲಿ ಕೋಣೆ ತೆರೆಯುವ, ಚೊಕ್ಕಟವಾಗಿಡುವ, ಬೆಂಕಿ ಹೊತ್ತಿಸುವ ಉಸ್ತುವಾರಿ ಕೆಲಸವೂ ಸಿಕ್ಕಿತು. ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಮಗಳು ಮರಿಯಾ ಒಬ್ಬಳೇ. ಆತ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನ್ ಬರುತ್ತಿರಲಿಲ್ಲ, ಬರುತ್ತಿದ್ದುದು ಡಚ್ ಮಾತ್ರ. ಇಲ್ಲಿಗೆ ಬಂದಾಗ ನಾನು ಎದ್ದು ಕೂತೆ.

ನೂಲಿನ ಗುಣ ನೋಡಲು ಬಟ್ಟೆ ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದ ಕಾಲ ಅದು. ಲ್ಯೂವೆನ್‌ಹುಕ್ ತಾನೇ ಪುಟ್ಟ ಮಸೂರಗಳನ್ನು ಮಾಡಿ, ಎರಡು ಲೋಹದ ತಗಡುಗಳ ನಡುವೆ ಕೂರಿಸಿ ಸೂಕ್ಷ್ಮದರ್ಶಕ ಕಟ್ಟಿದ. ಅಂಥ ನೂರಾರು ಮಸೂರಗಳನ್ನು ಮಾಡಿದ. ಈಗ ಉಳಿದಿರುವವುಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

ಮುಂದಿನದನ್ನು ಓದಿ ನನಗೆ ನಗು ಬಂತು. ಕಾಳುಮೆಣಸು ಯಾಕೆ ಖಾರ ಎಂಬುದು ಆತನ ತಲೆ ಕೊರೆಯುತ್ತಿತ್ತಂತೆ! ನಾಲಿಗೆಗೆ ಚುಚ್ಚುವ ಮುಳ್ಳುಗಳಿರಬಹುದೆಂದು ಊಹಿಸಿ ಮೆಣಸನ್ನು ಮೂರು ವಾರ ನೀರಲ್ಲಿ ನೆನೆಹಾಕಿದ. 1676ರ ಏಪ್ರಿಲ್‌ನಲ್ಲಿ ಆ ನೀರಿನ ಹನಿ ನೋಡಿದರೆ ಮುಳ್ಳಿಲ್ಲ. ಲೆಕ್ಕಕ್ಕೆ ಸಿಗದಷ್ಟು ಜೀವಿಗಳು ಓಡಾಡುತ್ತಿವೆ. ಅವುಗಳಲ್ಲಿ ಅತಿ ಚಿಕ್ಕವೇ ನಾವಿಂದು ಬ್ಯಾಕ್ಟೀರಿಯಾ ಎನ್ನುವುದು.

ಕಂಡದ್ದನ್ನು ಡಚ್ ಭಾಷೆಯಲ್ಲೇ ಬರೆದು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಅಲ್ಲಿ ಸುಲಭಕ್ಕೆ ನಂಬಲಿಲ್ಲ. ಆತ ಬೇಸರಪಟ್ಟು ಬಿಟ್ಟುಬಿಡಲಿಲ್ಲ; ಪಾದ್ರಿಗಳೂ ಸೇರಿದಂತೆ ಎಂಟು ಜನ ಗಣ್ಯರಿಗೆ ತೋರಿಸಿ ಸಾಕ್ಷಿಪತ್ರ ಬರೆಸಿದ. 1677ರಲ್ಲಿ ರಾಬರ್ಟ್ ಹುಕ್ ಮೆಣಸಿನ ನೀರನ್ನು ತಾನೇ ನೋಡಿ ನಿಜವೆಂದ. 1680ರಲ್ಲಿ ಆ ಬಟ್ಟೆ ವ್ಯಾಪಾರಿ ರಾಯಲ್ ಸೊಸೈಟಿಯ ಸದಸ್ಯನಾದ. 1683ರಲ್ಲಿ ತನ್ನ ಹಲ್ಲಿನ ಪಾಚಿಯಲ್ಲೂ ಬ್ಯಾಕ್ಟೀರಿಯಾ ಕಂಡು ಬರೆದ. 1723ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಪತ್ರ ನಿಲ್ಲಲಿಲ್ಲ.

ಆದರೆ ಒಂದು ವಿಷಯ ನನಗೆ ಚುಚ್ಚಿತು. ತನ್ನ ಅತ್ಯುತ್ತಮ ಮಸೂರಗಳ ಗುಟ್ಟನ್ನು ಆತ ಯಾರಿಗೂ ಬಿಟ್ಟುಕೊಡಲಿಲ್ಲ. ಎಳೆಯರಿಗೆ ಈ ವಿದ್ಯೆ ಕಲಿಸಬಾರದೇಕೆ ಎಂದು ತತ್ತ್ವಜ್ಞಾನಿ ಲೈಬ್ನಿಟ್ಸ್ ಕೇಳಿದಾಗ, ಅದರಿಂದ ಪ್ರಯೋಜನವಿಲ್ಲ, ವಿದ್ಯಾರ್ಥಿಗಳು ಓದುವುದು ಹಣಕ್ಕೆ, ಇಲ್ಲವೇ ಹೆಸರಿಗೆ ಎಂಬರ್ಥದಲ್ಲಿ 1715ರಲ್ಲಿ ಉತ್ತರಿಸಿದ. ಬ್ಯಾಕ್ಟೀರಿಯಾದಿಂದ ರೋಗ ಬರುವುದನ್ನು ರಾಬರ್ಟ್ ಕಾಖ್ ಆಂಥ್ರಾಕ್ಸ್‌ನಲ್ಲಿ ತೋರಿಸಿದ್ದು 1876ರಲ್ಲಿ. ಮೆಣಸಿನ ನೀರಿನಿಂದ ಅಲ್ಲಿಗೆ 200 ವರ್ಷ! ತಡವಾಗಲು ಆತನೊಬ್ಬನೇ ಕಾರಣನಲ್ಲ. ಆದರೂ ನಾಲ್ಕು ಮಕ್ಕಳಿಗೆ ಕಲಿಸಿದ್ದರೆ ಎಂದು ಅನಿಸದೇ ಇರದು. ಕೆಲಸ ಸಿಗದಿದ್ದ ಮೇಲೆ ಓದಿ ಏನು ಬಂತು ಎನ್ನುತ್ತಿದ್ದ ನಾನೂ ಆತ ಬೈದ ವಿದ್ಯಾರ್ಥಿಗಳ ಸಾಲಿನಲ್ಲೇ ಇದ್ದೆ.

ನಮ್ಮಲ್ಲಿ ಮೆಣಸಿಗೇನು ಬರ? ತೋಟದ ಸಿಲ್ವರ್ ಓಕ್ ಮರಗಳಿಗೆಲ್ಲ ಬಳ್ಳಿ ಹಬ್ಬಿದೆ. ಮಕ್ಕಳಿಂದಲೇ ಒಂದು ಹಿಡಿ ಕಾಳು ತರಿಸಿ ಬಾಟಲಿಯಲ್ಲಿ ನೆನೆಹಾಕಿಸಿದೆ. ಮೂರು ವಾರ ದಿನಾ ಬಂದು ಇಣುಕಿದರು, ವಾಸನೆಗೆ ಮೂಗು ಮುಚ್ಚಿಕೊಂಡರು. ಹೈಸ್ಕೂಲಿನಲ್ಲಿ ಕೇಳಿಕೊಂಡು ಒಂದು ವಾರಕ್ಕೆ ಸೂಕ್ಷ್ಮದರ್ಶಕ ತಂದೆ. ಮೊದಲು ಕಣ್ಣಿಟ್ಟ ಆ ಹುಡುಗಿ ಎಷ್ಟು ಹೊತ್ತಾದರೂ ಜಾಗ ಬಿಡಲೇ ಇಲ್ಲ. ಕೊನೆಗೆ ತಲೆಯೆತ್ತಿ, ಇವು ಮೊದಲಿಂದಲೂ ಇದ್ದವಾ ಎಂದು ಕೇಳಿದಳು.

ಕೆಲಸಕ್ಕೆ ಅರ್ಜಿ ಹಾಕುವುದನ್ನು ನಾನು ನಿಲ್ಲಿಸಿಲ್ಲ. ಅದೇ ವಾರ ಹಾಸನದಲ್ಲಿ ಒಂದು ಇಂಟರ್‌ವ್ಯೂ ಇತ್ತು. ಮುಗಿಸಿಕೊಂಡು ಸಂಜೆ ಬಸ್ಸಿಳಿದು ಮನೆಗೆ ಬಂದರೆ, ಜಗಲಿಯಲ್ಲಿ ಮಕ್ಕಳೆಲ್ಲ ಸೇರಿದ್ದರು. ಹುಡುಗಿ ತನ್ನ ತಮ್ಮನ ಕೈ ಹಿಡಿದು, ತಿರುಪನ್ನು ಎಷ್ಟು ಮೆಲ್ಲಗೆ ತಿರುಗಿಸಬೇಕೆಂದು ಹೇಳಿಕೊಡುತ್ತಿದ್ದಳು.