ಲೇಹ್‌ಗೆ ಮೊದಲ ವಿಮಾನದಲ್ಲಿ ಹೋದ ನಮ್ಮ ತಿಮ್ಮಯ್ಯನವರು



ರೊಳ್ಳ, ಮಡಕಶಿರಾ, ರಾಯದುರ್ಗ ಕಡೆಯ ಸದಸ್ಯರು ಕೆಲವರು ಲಡಾಖ್ ಪ್ರವಾಸದ ಬಗ್ಗೆ ವಿಚಾರಿಸುತ್ತಿದ್ದಾರೆ. ಹೊರಡುವ ಮುಂಚೆ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರನ್ನು ನಾವೆಲ್ಲರೂ ನೆನೆಯಬೇಕು.

ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಕೂನೂರು, ಬೆಂಗಳೂರುಗಳಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು, 1926ರಲ್ಲಿ ಸೇನಾಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಹೆಸರು ಗಳಿಸಿದರು.

1948ರಲ್ಲಿ ಕಾಶ್ಮೀರದ ಯುದ್ಧ ಲಡಾಖ್‌ವರೆಗೂ ಹಬ್ಬಿತು. ಲೇಹ್ ಇರುವುದು ಸುಮಾರು 11,500 ಅಡಿ ಎತ್ತರದಲ್ಲಿ. ಸುತ್ತಲೂ ಹೆಮಿಸ್, ಥಿಕ್ಸೆ, ಸ್ಪಿತುಕ್ ಮುಂತಾದ ಹಳೆಯ ಬೌದ್ಧ ಗೊಂಪಾಗಳು. ಮೇ ತಿಂಗಳಲ್ಲಿ ಕಾರ್ಗಿಲ್ ಕೈತಪ್ಪಿತು, ಶ್ರೀನಗರದಿಂದ ಬರುವ ದಾರಿ ಕಡಿಯಿತು. ಲೇಹ್‌ನಲ್ಲಿದ್ದ ಸೈನಿಕರು ಬೆರಳೆಣಿಕೆಯಷ್ಟು. ಇಂಜಿನಿಯರ್ ಸೋನಂ ನೋರ್ಬು ಅವರು ಊರಿನ ಜನರನ್ನು ಸೇರಿಸಿಕೊಂಡು ಸಿಂಧೂ ನದಿಯ ಬಳಿ ವಿಮಾನ ಇಳಿಯಲು ನೆಲ ಸಮ ಮಾಡಿಸಿದ್ದರು.

ಲೇಹ್‌ನಲ್ಲಿ ಅದುವರೆಗೆ ಯಾವ ವಿಮಾನವೂ ಇಳಿದಿರಲಿಲ್ಲ. ಡಕೋಟಾ ವಿಮಾನವಂತೂ ಅಂಥ ಪರ್ವತಗಳ ಮೇಲೆ ಹಾರಲೆಂದು ಮಾಡಿದ್ದಲ್ಲ. ಆದರೂ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಹಾರಿಸಿದ ಮೊದಲ ಡಕೋಟಾದಲ್ಲಿ ಸೇನಾ ವಿಭಾಗದ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೇ ಕುಳಿತರು. ಅಪಾಯವಿದ್ದ ಕಡೆಗೆ ಕೈಕೆಳಗಿನವರನ್ನು ಮೊದಲು ಕಳಿಸಿ ತಾವು ಹಿಂದೆ ಉಳಿಯಲಿಲ್ಲ. ವಿಮಾನ ಕ್ಷೇಮವಾಗಿ ಇಳಿಯಿತು. ಆಮೇಲೆ ಸೈನಿಕರು ಅದೇ ದಾರಿಯಲ್ಲಿ ಬಂದಿಳಿದರು, ಲೇಹ್ ಉಳಿಯಿತು.

ಅದೇ ವರ್ಷ ನವೆಂಬರ್ 1ರಂದು ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದಾಗಲೂ ಅವರು ಮುಂದಿನ ಟ್ಯಾಂಕಿನಲ್ಲೇ ಇದ್ದರು. ಆ ತಿಂಗಳೇ ದ್ರಾಸ್, ಕಾರ್ಗಿಲ್ ಮರಳಿ ಬಂದವು, ಲೇಹ್‌ಗೆ ನೆಲದ ದಾರಿ ತೆರೆಯಿತು.

ಮುಂದೆ ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗಕ್ಕೆ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್‌ನಲ್ಲಿದ್ದಾಗ, 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಗಡಿಯಲ್ಲಿ ಬದುಕುವ ನಮಗೆ ಈ ಕಥೆ ಬೇಗ ಮನಸ್ಸಿಗೆ ತಟ್ಟುತ್ತದೆ. ದೂರದ ಅಂಚಿನ ಊರನ್ನು ತನ್ನದೆಂದು ತಿಳಿದು ಖುದ್ದಾಗಿ ಬರುವವರು ಒಬ್ಬರಿದ್ದರೆ ಅಲ್ಲಿಯ ಜನಕ್ಕೆ ಎಷ್ಟೋ ಧೈರ್ಯ.

ಲೇಹ್‌ಗೆ ವಿಮಾನದಲ್ಲಿ ಹೋಗುವವರು ಮೊದಲ ಎರಡು ದಿನ ವಿಶ್ರಾಂತಿ ತೆಗೆದುಕೊಳ್ಳಿ. ವಯಸ್ಸಾದವರು ವೈದ್ಯರನ್ನು ಕೇಳಿಯೇ ಹೊರಡಿ. ಅಷ್ಟು ದೂರ ಆಗದವರು ಮಡಿಕೇರಿಗೆ ಹೋಗಿ, ಈಗ ಸಂಗ್ರಹಾಲಯವಾಗಿರುವ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ನೋಡಿ. ದಾರಿಯಲ್ಲೇ ಬೈಲಕುಪ್ಪೆಯ ಟಿಬೆಟನ್ ವಿಹಾರಗಳೂ ಸಿಗುತ್ತವೆ.

ಇಂತಿ,
ಕಾರ್ಯದರ್ಶಿ