ಅಂಗಿ ಗೋದಾಮಿನಲ್ಲಿ, ರೋಗಿ ಚಳಿಯಲ್ಲಿ: ಫ್ಲಾರೆನ್ಸ್ ನೈಟಿಂಗೇಲ್ ಕಲಿಸಿದ ಬಟ್ಟೆ ಪಾಠ

ಮೋಕ: ನರ್ಸ್ ಅಂದ ತಕ್ಷಣ ಕೈಯಲ್ಲಿ ದೀಪ ಹಿಡಿದು ವಾರ್ಡಿನಲ್ಲಿ ನಡೆಯೋ ಹೆಂಗಸಿನ ಚಿತ್ರ ನೆನಪಿಗೆ ಬರುತ್ತೆ. ಅದು ಫ್ಲಾರೆನ್ಸ್ ನೈಟಿಂಗೇಲ್. ಆಕೆ ಹುಟ್ಟಿದ ಮೇ 12ನ್ನು ಜಗತ್ತೆಲ್ಲ ದಾದಿಯರ ದಿನ ಅಂತ ಆಚರಿಸುತ್ತೆ, ಬಳ್ಳಾರಿಯ ನರ್ಸಿಂಗ್ ವಿದ್ಯಾರ್ಥಿಗಳಿಗೂ ಅದು ದೊಡ್ಡ ದಿನ. ಆದರೆ ಆಕೆ ದೀಪದಷ್ಟೇ ತಲೆ ಕೆಡಿಸಿಕೊಂಡಿದ್ದು ಅಂಗಿ, ಹೊದಿಕೆ, ಒಗೆಯೋ ಹಂಡೆ ಮತ್ತು ಸ್ಟೋರಿನ ಬೀಗದ ಬಗ್ಗೆ. ಆ ಕಥೆ ಹೇಳುವವರು ಕಡಿಮೆ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದಳು, ಅದಕ್ಕೇ ಆ ಹೆಸರು. ಇಂಗ್ಲೆಂಡಿನ ಶ್ರೀಮಂತ ಮನೆತನ. ಆಗ ಆಸ್ಪತ್ರೆ ಕೆಲಸ ಅಂದ್ರೆ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಮಾಡುವಂಥದ್ದಲ್ಲ ಅನ್ನೋ ಕಾಲ. ಮನೆಯವರು ವರ್ಷಗಟ್ಟಲೆ ಬೇಡ ಅಂದರು. ಆಕೆ ಬಿಡಲಿಲ್ಲ. ಜರ್ಮನಿಗೆ ಹೋಗಿ ರೋಗಿಗಳ ಆರೈಕೆ ಕಲಿತು ಬಂದಳು.

1854ರಲ್ಲಿ ಕ್ರಿಮಿಯಾ ಯುದ್ಧ. ಗಾಯಾಳು ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ತಂದು ಟರ್ಕಿಯ ಸ್ಕುಟಾರಿಯ ಆಸ್ಪತ್ರೆಗೆ ಹಾಕುತ್ತಿದ್ದರು. ನವೆಂಬರ್ ಮೊದಲ ವಾರ ಆಕೆ 38 ದಾದಿಯರ ಜೊತೆ ಅಲ್ಲಿಗೆ ತಲುಪಿದಳು. ದಾದಿಯರಿಗೆ ಬೂದು ಬಣ್ಣದ ಸಮವಸ್ತ್ರ ಕೊಟ್ಟಿದ್ದರು, ಮೇಲೆ ಆಸ್ಪತ್ರೆ ಹೆಸರು ಹೊಲಿದ ಪಟ್ಟಿ. ಆದರೆ ಅವಸರದಲ್ಲಿ ಯಾರ ಅಳತೆಯನ್ನೂ ತಗೊಂಡಿರಲಿಲ್ಲ. ಕುಳ್ಳಗಿನವರಿಗೆ ಉದ್ದದ ಗೌನು, ಎತ್ತರದವರಿಗೆ ಗಿಡ್ಡ ಗೌನು. ಅಳತೆ ತಪ್ಪಿದರೆ ಮಾಲು ಏನಾಗುತ್ತೆ ಅಂತ ಬಳ್ಳಾರಿ ಜೀನ್ಸ್ ಯೂನಿಟ್‌ಗಳಲ್ಲಿ ದುಡಿಯೋರಿಗೆ ಹೇಳಬೇಕಿಲ್ಲ.

ಆಸ್ಪತ್ರೆ ಒಳಗಿನ ಸ್ಥಿತಿ ಇನ್ನೂ ಘೋರ. ಸೈನಿಕರು ತಮ್ಮ ಗಂಟುಮೂಟೆಯನ್ನು ದಾರಿಯಲ್ಲೇ ಬಿಟ್ಟು ಬಂದಿದ್ದರು. ಮೈಮೇಲೆ ರಕ್ತ, ಕೊಳೆ, ಹೇನು ತುಂಬಿದ ಒಂದೇ ಬಟ್ಟೆ. ಸ್ಟೋರಿನ ಅಧಿಕಾರಿ ಮಾತ್ರ, ಸೈನಿಕ ತನ್ನ ಅಂಗಿ ತಾನೇ ತರಬೇಕು ಅನ್ನೋದು ನಿಯಮ, ನಾವು ಕೊಡೋಕೆ ಬರಲ್ಲ ಎಂದು ಕೂತ. ಬಟ್ಟೆ ಒಗೆಯೋಕೆ ಗುತ್ತಿಗೆ ಕೊಟ್ಟಿದ್ದರು, ಆದರೆ ತಣ್ಣೀರಲ್ಲಿ ಅದ್ದಿ ತಂದ ಬಟ್ಟೆಯಲ್ಲಿ ಹೇನು ಹಾಗೇ ಇರುತ್ತಿತ್ತು.

ಮುಂದೆ ಇಂಗ್ಲೆಂಡಿನಿಂದ 27,000 ಅಂಗಿ ಬಂದು ಇಳಿದವು. ಪೆಟ್ಟಿಗೆ ಬಿಚ್ಚಬೇಕಾದರೆ ಸಮಿತಿ ಕೂತು ನೋಡಬೇಕು ಅನ್ನೋ ನಿಯಮ ಅಡ್ಡ ಬಂತು. ಸಮಿತಿ ಕೂತು ಬಿಡುಗಡೆ ಮಾಡೋಕೆ ಮೂರು ವಾರ ಹಿಡಿಯಿತು ಅಂತ ಆಕೆಯ ಜೀವನಚರಿತ್ರೆ ಬರೆದವರು ಹೇಳ್ತಾರೆ. ಗೋಡೆಯ ಈ ಕಡೆ ಅಂಗಿ, ಆ ಕಡೆ ಚಳಿಯಲ್ಲಿ ನಡುಗೋ ರೋಗಿ. ನಡುವೆ ಒಂದು ಸಹಿ.

ಆಕೆ ಕಾಯಲಿಲ್ಲ. ಜನ ಕೊಟ್ಟ ಚಂದಾ ಹಣದಲ್ಲಿ ಪೇಟೆಯಿಂದಲೇ ಅಂಗಿ ಕೊಂಡಳು. ಆಸ್ಪತ್ರೆ ಹತ್ತಿರ ಒಂದು ಮನೆ ಬಾಡಿಗೆಗೆ ಹಿಡಿದು, ದೊಡ್ಡ ಹಂಡೆ ಇಡಿಸಿ, ಬಿಸಿನೀರಲ್ಲಿ ಒಗೆಯೋ ವ್ಯವಸ್ಥೆ ಮಾಡಿದಳು. ಒಗೆಯೋ ಕೆಲಸಕ್ಕೆ ಸೈನಿಕರ ಹೆಂಡತಿಯರನ್ನೇ ಸಂಬಳ ಕೊಟ್ಟು ಇಟ್ಟುಕೊಂಡಳು. ಬಂದದ್ದು ಎಷ್ಟು, ಕೊಟ್ಟದ್ದು ಎಷ್ಟು ಅಂತ ಲೆಕ್ಕ ಇಟ್ಟಳು.

ಆದರೂ ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ನೂರು ರೋಗಿಗಳಲ್ಲಿ ಸುಮಾರು 42 ಮಂದಿ ಸಾಯುತ್ತಿದ್ದರು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗದವರು ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡಿದ್ದ ಚರಂಡಿ ತೆಗೆಸಿದರು, ನೀರು ಶುದ್ಧ ಮಾಡಿಸಿದರು, ಗಾಳಿ ಆಡುವಂತೆ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಊರಿಗೆ ಮರಳಿ ಅಂಕಿಅಂಶ ಲೆಕ್ಕ ಹಾಕಿದಾಗ, ಚರಂಡಿ, ನೀರು, ಗಾಳಿ, ಬಟ್ಟೆ ಎಲ್ಲ ಒಟ್ಟಿಗೆ ಸರಿ ಇರಬೇಕು, ಒಂದನ್ನೇ ಹಿಡಿದರೆ ಸಾಲದು ಅನ್ನೋದು ಆಕೆಗೆ ಖಾತ್ರಿಯಾಯಿತು. 1858ರಲ್ಲಿ ಸಾವಿನ ಕಾರಣಗಳನ್ನು ಬಣ್ಣದ ಚಕ್ರದಂಥ ನಕ್ಷೆ ಮಾಡಿ ಸರ್ಕಾರದ ಮುಂದಿಟ್ಟಳು.

ಯುದ್ಧದಲ್ಲಿ ತಗುಲಿದ ಕಾಯಿಲೆಯಿಂದ ಆಕೆ ಮುಂದೆ ಬಹುಕಾಲ ಹಾಸಿಗೆಯಲ್ಲೇ ಇದ್ದಳು. ಅಲ್ಲಿಂದಲೇ ಕೆಲಸ ನಡೆಯಿತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನಿಧಿಯಿಂದ ದಾದಿಯರ ಶಾಲೆ ಶುರುವಾಯಿತು. ಕಲಿಯೋಕೆ ಬಂದ ಹುಡುಗಿಯರಿಗೆ ಊಟ, ವಸತಿ ಜೊತೆ ಸಮವಸ್ತ್ರವೂ ಪುಕ್ಕಟೆ, ಅವರ ಬಟ್ಟೆ ಒಗೆಸೋ ಖರ್ಚೂ ನಿಧಿಯದ್ದೇ. ಸಮವಸ್ತ್ರ ಸಂಸ್ಥೆಯ ಜವಾಬ್ದಾರಿ ಅನ್ನೋ ಮಾತು ಅಷ್ಟು ಹಳೇದು.

ನಮ್ಮ ದೇಶಕ್ಕೆ ಆಕೆ ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ದಂಡು ಪ್ರದೇಶಗಳ ವರದಿ ತರಿಸಿ ಓದಿದಳು. ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತ್ಯದ ದೊಡ್ಡ ದಂಡು, ಈಗಲೂ ಕಂಟೋನ್ಮೆಂಟ್ ಅನ್ನೋ ಹೆಸರು ಉಳಿದಿದೆ. ಆಗ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. 1863ರ ಆಯೋಗದ ವರದಿ ಬಂದು ಸುಧಾರಣೆ ಆದಮೇಲೆ, ಹತ್ತು ವರ್ಷದಲ್ಲಿ ಅದು 18ಕ್ಕೆ ಇಳಿಯಿತು. 1876ರಿಂದ 78ರ ಬರದಲ್ಲಿ ನಮ್ಮ ಭಾಗದ ಜನ ಹಸಿವಿನಿಂದ ಸತ್ತಾಗ, ನೀರಾವರಿ ಬೇಕು ಅಂತ ಬರೆದವರಲ್ಲಿ ಆಕೆಯೂ ಒಬ್ಬಳು. 1910ರ ಆಗಸ್ಟ್ 13ರಂದು 90ನೇ ವಯಸ್ಸಿನಲ್ಲಿ ತೀರಿಕೊಂಡಳು.

ಆಕೆಯ ಪಾಠ ಇವತ್ತಿಗೆ ಹೀಗೆ ಅನ್ವಯಿಸುತ್ತೆ. ಆಸ್ಪತ್ರೆ ಸಿಬ್ಬಂದಿ ಹಾಕಿದ ಬಟ್ಟೆ, ಒಗೆದ ಬಟ್ಟೆ ಒಂದೇ ಕೋಣೆಯಲ್ಲಿ ಇರಬಾರದು, ಒಂದೇ ಗಾಡಿಯಲ್ಲಿ ಹೋಗಬಾರದು. ಬಿಸಿನೀರಲ್ಲಿ ಒಗೆಯುವುದಾದರೆ 71 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷ ಅನ್ನೋದು ಚಾಲ್ತಿಯಲ್ಲಿರೋ ಮಾನದಂಡ. ಪೂರ್ತಿ ಒಣಗಿಸಿ, ಮುಚ್ಚಿದ ಬೀರುವಿನಲ್ಲಿ, ನೆಲ ಬಿಟ್ಟು ಮೇಲಿಡಬೇಕು. ಮೆಣಸಿನಕಾಯಿ ಚೀಲ, ಅಕ್ಕಿ ಮೂಟೆ ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡೋ ನಮ್ಮ ಅಂಗಡಿಯವರಿಗೆ ಇದು ಹೊಸದಲ್ಲ. ಮೊದಲು ಬಂದ ಮಾಲು ಮೊದಲು ಹೊರಗೆ ಹೋಗಬೇಕು ಅನ್ನೋದೂ ಅದೇ ಲೆಕ್ಕ. ಒಬ್ಬರಿಗೆ ಮೂರು ಜೊತೆಯಾದರೂ ಬೇಕು: ಮೈಮೇಲೆ ಒಂದು, ಒಗೆಯೋಕೆ ಒಂದು, ಬೀರುವಿನಲ್ಲಿ ಒಂದು. ಒಂದೇ ಜೊತೆ ಇದ್ದವರು ವಾರ್ಡಿನ ಬಟ್ಟೆಯಲ್ಲೇ ಬಸ್ ಹತ್ತುತ್ತಾರೆ, ಮನೆಯಲ್ಲಿ ಮಕ್ಕಳ ಬಟ್ಟೆ ಜೊತೆ ಅದನ್ನೂ ನೆನೆ ಹಾಕುತ್ತಾರೆ. ತಪ್ಪು ಅವರದ್ದಲ್ಲ, ಕೊಡಬೇಕಾದವರದ್ದು.

ಕೇಂದ್ರ ಸರ್ಕಾರ 2015ರಲ್ಲಿ ತಂದ ಕಾಯಕಲ್ಪ ಯೋಜನೆಯಲ್ಲಿ ಆಸ್ಪತ್ರೆಯ ಸ್ವಚ್ಛತೆಗೆ ಅಂಕ ಕೊಡುವಾಗ ಬಟ್ಟೆ ಒಗೆತವನ್ನೂ ನೋಡ್ತಾರೆ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತೆ. ಅದರ ಸಭೆಯಲ್ಲಿ ನಮ್ಮ ಭಾಗದ ಸದಸ್ಯರು ಮೂರು ಪ್ರಶ್ನೆ ಕೇಳಬಹುದು. ಸಿಬ್ಬಂದಿಗೆ ಎಷ್ಟು ಜೊತೆ ಬಟ್ಟೆ ಕೊಟ್ಟಿದ್ದೀರಿ? ಅದನ್ನು ಎಲ್ಲಿ ಒಗೆಯುತ್ತಾರೆ? ಸ್ಟೋರಿನ ಕೀಲಿ ಇರುವವರು ರಜೆ ಹಾಕಿದ ದಿನ ಬೀಗ ಯಾರು ತೆಗೀತಾರೆ?