ಕಡಲನ್ನು ಮನೆಯೊಳಗೆ ತಂದ ಗಾಸ್

ಹಾಲ್‌ನ ಶೋಕೇಸ್ ಪಕ್ಕ ಉಪ್ಪುನೀರಿನ ಅಕ್ವೇರಿಯಂ ತಂದಿಟ್ಟಿದ್ದೀರಾ? ಹಾಗಾದರೆ ಈ ಅನುಭವ ನಿಮಗೂ ಆಗಿರುತ್ತೆ. ಮೊದಲ ವಾರ ಕನ್ನಡಿಯಂತಿದ್ದ ನೀರು ಇದ್ದಕ್ಕಿದ್ದ ಹಾಗೆ ಗಂಜಿ ತಿಳಿಯಂತೆ ಬೆಳ್ಳಗಾಗುತ್ತದೆ. ಗಾಜಿಗೆ ಕಂದು ಧೂಳು ಮೆತ್ತಿಕೊಳ್ಳುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಮೀನು ಮೂಲೆ ಹಿಡಿದು ಮೇಲುಸಿರು ಬಿಡುತ್ತಿರುತ್ತದೆ. ಅಂಗಡಿಯವರನ್ನು ಕೇಳಿದರೆ ಇನ್ನೊಂದು ಬಾಟಲಿ ಔಷಧಿ ಹಾಕಿ ನೋಡಿ ಅಂತಾರೆ. ಬಾಟಲಿ ಕೊಳ್ಳುವ ಮೊದಲು ಒಬ್ಬ ಮನುಷ್ಯನ ಕತೆ ಕೇಳಿ. ಕರೆಂಟ್ ಇಲ್ಲದ, ಪಂಪ್ ಇಲ್ಲದ, ಟೆಸ್ಟ್ ಕಿಟ್ ಅಂದರೇನೆಂದೇ ಗೊತ್ತಿಲ್ಲದ ಕಾಲದಲ್ಲಿ ಇದೇ ತಲೆನೋವನ್ನು ಎದುರಿಸಿದವನು ಆತ. ಅಕ್ವೇರಿಯಂ ಎಂಬ ಪದವನ್ನು ಇವತ್ತು ನಾವು ಬಳಸುವ ಅರ್ಥದಲ್ಲಿ ಮನೆಮಾತು ಮಾಡಿದವನೂ ಆತನೇ. ಹೆಸರು ಫಿಲಿಪ್ ಹೆನ್ರಿ ಗಾಸ್.

ಹುಟ್ಟಿದ್ದು 1810ರಲ್ಲಿ, ಇಂಗ್ಲೆಂಡಿನ ವೂಸ್ಟರ್‌ನಲ್ಲಿ. ಅಪ್ಪ ಊರೂರು ಅಲೆದು ಪುಟ್ಟ ಪುಟ್ಟ ಭಾವಚಿತ್ರ ಬರೆಯುವ ಕಲಾವಿದ, ಕೈಯಲ್ಲಿ ಕಾಸು ನಿಲ್ಲುತ್ತಿರಲಿಲ್ಲ. ಸಂಸಾರ ಬೆಳೆದದ್ದು ಪೂಲ್ ಎಂಬ ಬಂದರಿನಲ್ಲಿ. ಹದಿನೇಳಕ್ಕೇ ಹುಡುಗ ಹಡಗು ಹತ್ತಿ ನ್ಯೂಫೌಂಡ್‌ಲ್ಯಾಂಡಿಗೆ ಗುಮಾಸ್ತನಾಗಿ ಹೋದ. ಕೆನಡಾದಲ್ಲಿ ಬೇಸಾಯಕ್ಕೆ ಕೈಹಾಕಿ ಸೋತ, ಅಮೆರಿಕದ ಅಲಬಾಮಾದಲ್ಲಿ ಕೆಲಕಾಲ ಮೇಷ್ಟ್ರಾಗಿದ್ದ. ಹೋದಲ್ಲೆಲ್ಲ ಹುಳುಹುಪ್ಪಟೆ ಹಿಡಿದು ಚಿತ್ರ ಬರೆಯುವುದು ಮಾತ್ರ ಬಿಡಲಿಲ್ಲ. ಆಮೇಲೆ ಜಮೈಕಾದಲ್ಲಿ ಒಂದೂವರೆ ವರ್ಷ ಇದ್ದು ಅಲ್ಲಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದು ಹೆಸರು ಮಾಡಿದ.

1848ರಲ್ಲಿ ಎಮಿಲಿ ಬೋಸ್ ಜತೆ ಮದುವೆಯಾಯಿತು. ಆಕೆಗಾಗ 42 ವರ್ಷ. ಮಕ್ಕಳಿಗೆ ಪಾಠ ಹೇಳಿ ದುಡಿದ ಹಣದಲ್ಲಿ ತಮ್ಮಂದಿರ ಓದಿಗೆ ನೆರವಾದ ಗಟ್ಟಿ ಹೆಂಗಸು, ಸ್ವತಃ ಲೇಖಕಿ. ಮರುವರ್ಷ ಮಗ ಎಡ್ಮಂಡ್ ಹುಟ್ಟಿದ. ಆ ದಿನದ ಡೈರಿಯಲ್ಲಿ ಗಾಸ್, ಹೆಂಡತಿಗೆ ಗಂಡು ಮಗುವಾದದ್ದನ್ನೂ ಜಮೈಕಾದಿಂದ ಹಸಿರು ಬಾನಾಡಿಯೊಂದು ಬಂದು ತಲುಪಿದ್ದನ್ನೂ ಅಕ್ಕಪಕ್ಕದಲ್ಲೇ ಬರೆದುಕೊಂಡಿದ್ದಾನೆ. ಗಂಡಸರ ಬುದ್ಧಿ ಅಂತ ನೀವು ನಗಬಹುದು. ಆದರೆ ಗಂಡ ಹೆಂಡಿರಿಬ್ಬರೂ ಅನ್ಯೋನ್ಯವಾಗಿದ್ದರು.

ಬರೆದು ಬರೆದು ಗಾಸ್‌ನ ಆರೋಗ್ಯ ಕೆಟ್ಟಿತು. 1852ರಲ್ಲಿ ಹವಾ ಬದಲಾವಣೆಗೆಂದು ಸಂಸಾರ ಡೆವನ್ ಕಡಲತೀರಕ್ಕೆ ಹೋಯಿತು. ಇಳಿತದ ಹೊತ್ತಿನಲ್ಲಿ ಬಂಡೆಗಳ ಸಂದಿಯ ಹೊಂಡಗಳಲ್ಲಿ ಅರಳಿ ನಿಂತ ಕಡಲಹೂವು, ಸೀಗಡಿ, ನಕ್ಷತ್ರಮೀನು ನೋಡಿ ಮನುಷ್ಯ ಮರುಳಾದ. ಇವನ್ನು ಮನೆಯಲ್ಲೇ ಗಾಜಿನೊಳಗೆ ಬದುಕಿಸಬಹುದೇ ಎಂಬ ಹಂಬಲ ಹುಟ್ಟಿತು.

ನಿಜ ಹೇಳಬೇಕೆಂದರೆ ಇದರಲ್ಲಿ ಒಬ್ಬ ಗೃಹಿಣಿ ಅವನಿಗಿಂತ ಮುಂದಿದ್ದಳು. ಆನಾ ಥಿನ್ ಎಂಬಾಕೆ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಪಾದ್ರಿಯೊಬ್ಬರ ಹೆಂಡತಿ. 1846ರಲ್ಲಿ ಟಾರ್ಕಿಯಿಂದ ಹವಳದ ಜಾತಿಯ ಜೀವಿಗಳನ್ನು ತರುವಾಗ ದಾರಿಯಲ್ಲಿ ಜಾಡಿಗೆ ಬಡಿದು ಒಡೆಯದಿರಲಿ ಎಂದು ಸೂಜಿದಾರದಿಂದ ಸ್ಪಂಜಿಗೆ ಹೊಲಿದುಬಿಟ್ಟಳು! ಮೊದಮೊದಲು ದಿನ ಬಿಟ್ಟು ದಿನ ನೀರು ಬದಲಾಯಿಸಿದಳು. ಲಂಡನ್ನಿನಲ್ಲಿ ಸಮುದ್ರದ ನೀರು ಎಲ್ಲಿಂದ ಬರಬೇಕು? ಕೊನೆಗೆ ಮನೆಗೆಲಸದ ಹುಡುಗಿಯನ್ನು ತೆರೆದ ಕಿಟಕಿಯ ಮುಂದೆ ನಿಲ್ಲಿಸಿ, ನಾವು ಕಾಫಿ ಆರಿಸುವ ಹಾಗೆ, ಅದೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ದಿನಾ ಅರ್ಧ ಮುಕ್ಕಾಲು ಗಂಟೆ ಸುರಿಸಿದಳು. ಆಮೇಲೆ ಕಡಲಪಾಚಿಯನ್ನೂ ಇಟ್ಟಳು. ಹವಳಗಳು ವರ್ಷಗಟ್ಟಲೆ ಬದುಕಿದವು. ಹೆಸರು ಯಜಮಾನಿಗೆ, ರಟ್ಟೆನೋವು ಆ ಹುಡುಗಿಗೆ.

ನಿಮ್ಮ ಮನೆಯಲ್ಲಿ ಕರೆಂಟ್ ಹೋಗಿ ಪಂಪ್ ನಿಂತಾಗಲೂ ಇದನ್ನೇ ಮಾಡಿ. ಶುದ್ಧ ಚೊಂಬಿನಲ್ಲಿ ತೊಟ್ಟಿಯ ನೀರೆತ್ತಿ ಸ್ವಲ್ಪ ಮೇಲಿನಿಂದ ಧಾರೆಯಾಗಿ ಸುರಿಯಿರಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸಾಕು. ಬ್ಯಾಟರಿಯ ಏರ್ ಪಂಪ್ ಇಟ್ಟುಕೊಂಡಿದ್ದರಂತೂ ಇನ್ನೂ ಒಳ್ಳೆಯದು.

ಗಾಸ್ ಹಿಡಿದದ್ದು ಇನ್ನೊಂದು ಹಟ. 1853ರ ಮೇ ತಿಂಗಳಲ್ಲಿ ಲಂಡನ್ ಮೃಗಾಲಯದ ಮೀನುಮನೆ ತೆರೆಯಿತು, ಅದಕ್ಕೆ ಅವನೂ ಜೀವಿಗಳನ್ನು ಹಿಡಿದು ಕಳಿಸಿದ. 1854ರಲ್ಲಿ ಅಕ್ವೇರಿಯಂ ಕುರಿತ ಅವನ ಪುಸ್ತಕ ಬಂದು ಮನೆಮನೆಯಲ್ಲೂ ಗಾಜಿನ ತೊಟ್ಟಿಯ ಗೀಳು ಹತ್ತಿತು. ಆದರೆ ಕಡಲಿಂದ ದೂರ ಇರುವವರು ನೀರಿಗೇನು ಮಾಡಬೇಕು? ಬ್ರೈಟನ್ ತೀರದ ನೀರಿನ ರಾಸಾಯನಿಕ ವಿಶ್ಲೇಷಣೆಯೊಂದನ್ನು ಮುಂದಿಟ್ಟುಕೊಂಡು ಅದೇ ವರ್ಷ ತಾನೇ ಸಮುದ್ರದ ನೀರು ಕಲಸಿದ. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಲೀಟರ್ ನೀರಿಗೆ 100 ಗ್ರಾಂ ಅಡುಗೆ ಉಪ್ಪು, 7 ಗ್ರಾಂ ಎಪ್ಸಮ್ ಉಪ್ಪು, 13 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್, ಎರಡೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ದಯವಿಟ್ಟು ಇದನ್ನು ಮನೆಯಲ್ಲಿ ಕಲಸಲು ಹೋಗಬೇಡಿ! ಇದರಲ್ಲಿ ಕ್ಯಾಲ್ಸಿಯಂ ಇಲ್ಲ, ಇತರ ಸಣ್ಣಪುಟ್ಟ ಲವಣಗಳಿಲ್ಲ. ನಮ್ಮ ಅಡುಗೆ ಉಪ್ಪಿಗೆ ಅಯೋಡಿನ್, ಉದುರುದುರಾಗಿರಲು ಬೆರೆಸುವ ವಸ್ತು ಬೇರೆ ಸೇರಿರುತ್ತದೆ. ಅಕ್ವೇರಿಯಂಗೆಂದೇ ಸಿಗುವ ಮರೈನ್ ಸಾಲ್ಟ್ ತಂದು ಆರ್‌ಓ ನೀರಿನಲ್ಲಿ ಬೇರೆ ಬಕೆಟ್‌ನಲ್ಲೇ ಕಲಸಿ, ಒಂದು ದಿನ ಪಂಪಿನಿಂದ ತಿರುಗಿಸಿ, ಆಮೇಲೆ ತೊಟ್ಟಿಗೆ ಹಾಕಿ. ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ವಿಷ. ಅದರ ಸಿಲಿಕೇಟ್ ಆ ಕಂದು ಧೂಳಿಗೆ ಆಹಾರ.

ಪಾಕಕ್ಕಿಂತ ದೊಡ್ಡ ಜಾಣತನ ಅವನ ತಾಳ್ಮೆಯಲ್ಲಿತ್ತು. ಹೊಸ ನೀರಿಗೆ ತಕ್ಷಣ ಪ್ರಾಣಿ ಬಿಡಲಿಲ್ಲ. ಮೊದಲು ಪಾಚಿ ಹತ್ತಿದ ಕಲ್ಲುಗಳನ್ನು ಹಾಕಿ ಒಂದು ವಾರದಷ್ಟು ಕಾದ. ಪಾಚಿ ಬಿಡುವ ಆಮ್ಲಜನಕವೇ ನೀರನ್ನು ಹದಕ್ಕೆ ತರುತ್ತದೆಂದು ಅವನು ನಂಬಿದ್ದ. ಅರ್ಧ ಸರಿ. ಉಳಿದರ್ಧ ಕೆಲಸ ಮಾಡುತ್ತಿದ್ದದ್ದು ಆ ಕಲ್ಲುಗಳ ಮೇಲೆ ಕೂತಿದ್ದ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಮೀನಿನ ಹೇಲು, ಮಿಕ್ಕ ಆಹಾರ ಕೊಳೆತು ಹುಟ್ಟುವ ಅಮೋನಿಯಾವನ್ನು ಅವು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ವಿನೊಗ್ರಾದ್‌ಸ್ಕಿ ಎಂಬ ರಷ್ಯನ್ ವಿಜ್ಞಾನಿ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ್ದು 1890ರಲ್ಲಿ. ಅಷ್ಟರಲ್ಲಿ ಗಾಸ್ ತೀರಿಕೊಂಡು ಎರಡು ವರ್ಷವಾಗಿತ್ತು.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೇಲುಸಿರು ಬಿಡುವ ಮೀನು ಕಂಡರೆ ಮೊದಲು ಅಮೋನಿಯಾ, ನೈಟ್ರೈಟ್ ಪರೀಕ್ಷಿಸಿ, ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಆಹಾರ ನಿಲ್ಲಿಸಿ, ಕಾಲು ಭಾಗ ನೀರು ಬದಲಾಯಿಸಿ. ಬಿಳಿ ಮಸುಕು ಬಹುತೇಕ ಆಹಾರ ಜಾಸ್ತಿಯಾದದ್ದರ ಗುರುತು, ಮಕ್ಕಳು ಕದ್ದು ಹಾಕುತ್ತಿದ್ದಾರಾ ನೋಡಿ. ಇನ್ನು ಫಿಲ್ಟರಿನ ಸ್ಪಂಜನ್ನು ಹಬ್ಬದ ಪಾತ್ರೆಯ ಹಾಗೆ ನಲ್ಲಿ ಕೆಳಗೆ ಹಿಡಿದು ಉಜ್ಜಬೇಡಿ, ಬ್ಯಾಕ್ಟೀರಿಯಾ ಎಲ್ಲ ಸಾಯುತ್ತವೆ. ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಅದ್ದಿ ಹಿಂಡಿದರಾಯಿತು.

ಗಾಸ್ ಮನೆಯ ತೊಟ್ಟಿಯಲ್ಲೂ ಗಾಜು ಹಸಿರುಗಟ್ಟುತ್ತಿತ್ತು. ಅದಕ್ಕೆ ಅವನು ಪೆರಿವಿಂಕಲ್ ಎಂಬ ಸಮುದ್ರದ ಬಸವನಹುಳು ಬಿಟ್ಟ. ಅದರ ನಾಲಿಗೆ ಕುಡುಗೋಲಿನ ಹಾಗೆ ಪಾಚಿ ಕೊಯ್ಯುವುದನ್ನು ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದ. ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯಿಂದ ದೂರ ಸರಿಸಿದರೆ ಅರ್ಧ ಕೆಲಸ ಕಡಿಮೆ. ನೀರು ಆವಿಯಾಗಿ ಇಳಿದಾಗ ಸಿಹಿನೀರನ್ನೇ ಸೇರಿಸಬೇಕೆಂದೂ ಅವನು ಬಲ್ಲ, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ತುಂಬಾ ಜನ ಇಲ್ಲೇ ಎಡವಿ ಉಪ್ಪುನೀರು ತುಂಬಿಸುತ್ತಾರೆ. ಗಾಜಿನ ಮೇಲೆ ಗೆರೆ ಎಳೆದಿಟ್ಟು ದಿನಾ ಅಲ್ಲಿಯವರೆಗೆ ಆರ್‌ಓ ನೀರು ಹಾಕಿ. ಹೈಡ್ರೋಮೀಟರಿನಲ್ಲಿ 1.025ರ ಆಸುಪಾಸು ಇದ್ದರೆ ಚಿಂತೆಯಿಲ್ಲ.

ಕೀರ್ತಿ ತುತ್ತತುದಿಯಲ್ಲಿದ್ದಾಗಲೇ ಮನೆಗೆ ಸಿಡಿಲು ಬಡಿಯಿತು. 1856ರಲ್ಲಿ ಅವನು ರಾಯಲ್ ಸೊಸೈಟಿಯ ಸದಸ್ಯನಾದ. ಅದೇ ವರ್ಷ ಎಮಿಲಿಯ ಎದೆಯಲ್ಲಿ ಗಂಟು ಕಾಣಿಸಿತು. ಕತ್ತಿ ಹಾಕಿಸುವ ಬದಲು, ನೋವಿಲ್ಲದೆ ವಾಸಿ ಮಾಡುತ್ತೇನೆಂದ ಅಮೆರಿಕನ್ ವೈದ್ಯನೊಬ್ಬನ ಮುಲಾಮನ್ನು ಗಂಡ ಹೆಂಡಿರು ನಂಬಿದರು. ಅದು ತಿಂಗಳುಗಟ್ಟಲೆ ಸುಟ್ಟಿತೇ ಹೊರತು ವಾಸಿ ಮಾಡಲಿಲ್ಲ. 1857ರ ಫೆಬ್ರುವರಿಯಲ್ಲಿ ಆಕೆ ಹೋದಳು, ಮಗನಿಗೆ ಏಳು ವರ್ಷ. (ಎದೆಯಲ್ಲಿ ಗಂಟು ಸಿಕ್ಕರೆ ನಾಚಿಕೊಂಡು ಮುಚ್ಚಿಡಬೇಡಿ, ಮುಲಾಮು ಹಚ್ಚಿ ಕಾಯಬೇಡಿ. ಆ ವಾರವೇ ಡಾಕ್ಟರ್ ಹತ್ತಿರ ಹೋಗಿ.) ಅದೇ ವರ್ಷ ಗಾಸ್, ಪಳೆಯುಳಿಕೆಗಳಿರುವಂತೆಯೇ ದೇವರು ಭೂಮಿಯನ್ನು ಸೃಷ್ಟಿಸಿದ ಎಂದು ವಾದಿಸುವ ಪುಸ್ತಕ ಬರೆದು ಎರಡೂ ಕಡೆಯವರಿಂದ ನಗೆಪಾಟಲಿಗೀಡಾದ. ಮಗನನ್ನು ಕರೆದುಕೊಂಡು ಡೆವನ್ನಿಗೆ ಮರಳಿ, ಕಡಲಹೂವುಗಳ ಮೇಲೆ ದೊಡ್ಡ ಗ್ರಂಥ ಬರೆಯಲು ಕುಳಿತ. 1860ರಲ್ಲಿ ಎಲಿಜಾ ಬ್ರೈಟ್‌ವೆನ್‌ಳನ್ನು ಮದುವೆಯಾದ, ಆಕೆ ತಾಯಿಯಿಲ್ಲದ ಹುಡುಗನನ್ನು ಅಕ್ಕರೆಯಿಂದ ಬೆಳೆಸಿದಳು.

ಅಷ್ಟರಲ್ಲಿ ಇನ್ನೊಂದು ಅನಾಹುತ ನಡೆದಿತ್ತು. ಅವನ ಪುಸ್ತಕ ಓದಿದವರೆಲ್ಲ ಬುಟ್ಟಿ, ಉಳಿ ಹಿಡಿದು ತೀರಕ್ಕೆ ನುಗ್ಗಿ ಬಂಡೆಗಳ ಹೊಂಡಗಳನ್ನು ಬರಿದು ಮಾಡಿದ್ದರು. ತಾನು ಹಂಚಿದ ಸಂತೋಷವೇ ತೀರವನ್ನು ಬೋಳಿಸಿದ್ದು ಅವನನ್ನು ಬಹಳ ನೋಯಿಸಿತೆಂದು ಮಗ ಎಡ್ಮಂಡ್ 1907ರಲ್ಲಿ ಬರೆದ ಪುಸ್ತಕದಲ್ಲಿ ಹೇಳಿದ್ದಾನೆ. ಗಾಸ್ 1888ರ ಆಗಸ್ಟ್‌ನಲ್ಲಿ ಡೆವನ್ನಿನಲ್ಲೇ ತೀರಿಕೊಂಡ.

ನಮ್ಮಲ್ಲಿ ಬಂಡೆ ಕಟ್ಟುವ ಹವಳಗಳಿಗೂ ಕಡಲಕುದುರೆಗೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಜಾಗವಿದೆ. ಕಡಲಿಂದ ಹಿಡಿದು ಮಾರುವುದು ಅಪರಾಧ. ಅಂಗಡಿಯಲ್ಲಿ ಯಾರಾದರೂ ಕಡಿಮೆ ರೇಟಿಗೆ ಕೊಡ್ತೀವಿ ಅಂದರೆ ಬೇಡ ಅನ್ನಿ. ಮೀನು ಕೊಳ್ಳುವಾಗ ತೊಟ್ಟಿಯಲ್ಲೇ ಮರಿ ಮಾಡಿಸಿದ್ದೋ ಕಡಲಿಂದ ಹಿಡಿದದ್ದೋ ಕೇಳಿ. ಕ್ಲೌನ್ ಮೀನಾದರೆ ತೊಟ್ಟಿಯಲ್ಲಿ ಹುಟ್ಟಿದ್ದೇ ಸಿಗುತ್ತದೆ. ಅದು ಮನೆಯ ನೀರಿಗೆ ಬೇಗ ಒಗ್ಗಿಕೊಳ್ಳುತ್ತದೆ ಕೂಡ.